ಬಯಲ ಕುಲುಮೆ: ರೋಣ, ನರಗುಂದ, ಗಜೇಂದ್ರಗಡ ಪರಿಸರದ ರಸ್ತೆಬದಿ ಕಮ್ಮಾರರು ಮತ್ತು ಕಸುಬಿನ ಬೆಲೆಯ ಇತಿಹಾಸ

1. ಪ್ರವೇಶ

ಜನಪದ ಕಲೆ ಹಾಗೂ ಕಸುಬುಗಳ ಅಧ್ಯಯನದಲ್ಲಿ ವಸ್ತುವಿನ ರೂಪ, ಅದನ್ನು ತಯಾರಿಸುವ ವಿಧಾನ, ಅದರ ಸುತ್ತ ಬೆಳೆದ ನಂಬಿಕೆ ಆಚರಣೆಗಳು ಇವೆಲ್ಲ ಸಾಕಷ್ಟು ಚರ್ಚೆಗೆ ಬಂದಿವೆ. ಆದರೆ ಆ ವಸ್ತುವಿಗೆ ದೊರೆಯುವ ಬೆಲೆಯನ್ನು ಇತಿಹಾಸದ ಸಂಗತಿಯೆಂದು ನೋಡಿದ ಬರವಣಿಗೆ ಕಡಿಮೆ. ಬೆಲೆಯೆಂಬುದು ಸಂತೆಯ ವಿಷಯ, ಸಂಸ್ಕೃತಿಯ ವಿಷಯವಲ್ಲ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ವಾಸ್ತವವಾಗಿ ಒಂದು ಸಮಾಜವು ಯಾವ ಕೈಕೆಲಸಕ್ಕೆ ಎಷ್ಟು ಕೊಡುತ್ತದೆ, ಯಾವ ಅಳತೆಯಿಂದ ಕೊಡುತ್ತದೆ ಎಂಬುದು ಆ ಸಮಾಜದ ನೆನಪು ಮತ್ತು ಮರೆವುಗಳೆರಡನ್ನೂ ತೋರಿಸುತ್ತದೆ.

ಗದಗ ಜಿಲ್ಲೆಯ ರೋಣ, ನರಗುಂದ ಹಾಗೂ ಗಜೇಂದ್ರಗಡ ಪರಿಸರದಲ್ಲಿ ಮಳೆಗಾಲ ಹಿಂದೆ ಸರಿದ ಮೇಲೆ ಊರ ಹೊರಗಿನ ರಸ್ತೆಬದಿಯಲ್ಲಿ ಕಮ್ಮಾರ ಕುಟುಂಬಗಳು ಬಂದು ಇಳಿಯುವುದನ್ನು ಕಾಣಬಹುದು. ನೆಲದಲ್ಲಿ ಒಂದು ಗುಂಡಿ, ಕೈಯಿಂದ ತಿರುವುವ ಗಾಳಿಯಂತ್ರ, ಮಣ್ಣಿನಲ್ಲಿ ಹೂತ ಅಡಿಗಲ್ಲು, ಮೇಲೆ ಒಂದು ತಾಡಪತ್ರಿ. ಇಷ್ಟೇ ಅವರ ಕಾರ್ಖಾನೆ. ಕೊಡಲಿ, ಕುಡಗೋಲು, ಕುರ್ಚಿಗಿ, ಈಳಿಗೆ, ಇಕ್ಕಳ, ರೊಟ್ಟಿಯ ಹಂಚುಗಳನ್ನು ಕೊಳ್ಳುವವರ ಕಣ್ಣೆದುರೇ ಬಡಿದು, ಗೋಣಿತಟ್ಟಿನ ಮೇಲೆ ಹರವಿ ಮಾರುತ್ತಾರೆ. ಕೊಳ್ಳುವವರು ಹೇಳಿದ ಬೆಲೆಯ ಅರ್ಧಕ್ಕೆ ಕೇಳುತ್ತಾರೆ. ಬಹುತೇಕ ಆ ಅರ್ಧದ ಆಸುಪಾಸಿನಲ್ಲಿಯೇ ವ್ಯವಹಾರ ಮುಗಿಯುತ್ತದೆ. ಈ ಕಡಿಮೆ ಬೆಲೆ ಹೇಗೆ ಉಂಟಾಯಿತು, ಅದರ ಹಿಂದಿನ ಐತಿಹಾಸಿಕ ಕಾರಣಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಸೀಮೆ ಮತ್ತು ಕಸುಬಿನ ಪ್ರಾಚೀನತೆ

ಈ ಮೂರೂ ಊರುಗಳ ಸೀಮೆ ಮುಖ್ಯವಾಗಿ ಎರೆಭೂಮಿ. ಬಿಳಿಜೋಳ, ಹತ್ತಿ, ಕಡಲೆ, ಗೋಧಿ, ಕುಸುಬೆ ಇಲ್ಲಿಯ ಸಾಂಪ್ರದಾಯಿಕ ಬೆಳೆಗಳು. 1997ರವರೆಗೆ ಇದು ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿತ್ತು. ರೋಣ ತಾಲ್ಲೂಕಿನಲ್ಲಿದ್ದ ಗಜೇಂದ್ರಗಡವು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಎರೆಭೂಮಿಯ ಬೇಸಾಯಕ್ಕೆ ಕಬ್ಬಿಣವಿಲ್ಲದೆ ಗತಿಯಿಲ್ಲ. ಬೇಸಿಗೆಯಲ್ಲಿ ಬಿರಿದು ಗಟ್ಟಿಯಾಗುವ, ಮಳೆಯಲ್ಲಿ ಅಂಟಾಗುವ ಈ ಮಣ್ಣನ್ನು ಸೀಳಲು ರಂಟೆಗೆ ಭಾರವಾದ ಕುಳ ಬೇಕು, ಕುಂಟೆಗೆ ಅಗಲವಾದ ಕುಡ ಬೇಕು, ಕಳೆ ತೆಗೆಯಲು ಕುರ್ಚಿಗಿ ಬೇಕು. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ, ಅಚ್ಚಿಗೆ ಕಡಾಣಿ ಬೇಕು. ಹೀಗೆ ಉಳುಮೆಯಿಂದ ಒಕ್ಕಣೆಯವರೆಗೆ ರೈತನ ಕೈಯಲ್ಲಿರುವುದು ಕಮ್ಮಾರನ ಕೈ ಹಾಯ್ದು ಬಂದ ವಸ್ತು.

ಇದೇ ಸೀಮೆ ಶಿಲ್ಪಕಲೆಗೂ ಹೆಸರಾದದ್ದು. ಸೂಡಿಯ ದೇವಾಲಯಗಳು ಮತ್ತು ನಾಗಕುಂಡ, ಲಕ್ಕುಂಡಿಯ ಬಸದಿ ಹಾಗೂ ಗುಡಿಗಳು, ಗದುಗಿನ ತ್ರಿಕೂಟೇಶ್ವರ ಇವು ಕಲ್ಯಾಣದ ಚಾಲುಕ್ಯರ ಕಾಲದ ಸಾಧನೆಯನ್ನು ಸಾರುತ್ತವೆ. ಸೂಡಿ ಮತ್ತು ಲಕ್ಕುಂಡಿಗಳಲ್ಲಿ ನಾಣ್ಯ ಟಂಕಿಸುವ ಟಂಕಸಾಲೆಗಳಿದ್ದವು. ಚಿನ್ನದ ಕೆಲಸಗಾರರೂ ಕಲ್ಲಿನ ಕೆಲಸಗಾರರೂ ಶಾಸನಗಳಲ್ಲಿ ಕಾಣಿಸಿಕೊಂಡಿದ್ದಾರೆ, ಕಲಾ ಇತಿಹಾಸದಲ್ಲಿ ಸ್ಥಾನ ಪಡೆದಿದ್ದಾರೆ. ಆದರೆ ಕಲ್ಲು ಕೆತ್ತಿದ ಉಳಿಯನ್ನು ಬಡಿದವನಾರು? ಕಲ್ಲಿನ ಮೇಲೆ ಓಡಿದ ಉಳಿಯ ಮೊನೆ ಬೇಗ ಮೊಂಡಾಗುತ್ತದೆ. ಅದನ್ನು ಮತ್ತೆ ಕಾಸಿ, ಬಡಿದು, ಹದ ಕೊಡದೆ ಕೆತ್ತನೆ ಮುಂದುವರಿಯಲಾರದು. ಆದ್ದರಿಂದ ಪ್ರತಿಯೊಂದು ದೊಡ್ಡ ದೇವಾಲಯದ ಪಕ್ಕದಲ್ಲಿ ಅದು ಮುಗಿಯುವವರೆಗೂ ಒಂದು ಕುಲುಮೆ ಉರಿಯುತ್ತಿದ್ದಿರಲೇಬೇಕು. ಗುಡಿ ಉಳಿಯಿತು, ಕುಲುಮೆಯ ಬೂದಿ ಉಳಿಯಲಿಲ್ಲ.

ಪಂಚಾಳ ಪರಂಪರೆಗೆ ಈ ಸತ್ಯ ತಿಳಿದಿತ್ತು. ವಿಶ್ವಕರ್ಮನ ಐದು ಮಕ್ಕಳೆಂದು ಹೇಳಲಾಗುವ ಮನು, ಮಯ, ತ್ವಷ್ಟೃ, ಶಿಲ್ಪಿ, ವಿಶ್ವಜ್ಞರಲ್ಲಿ ಮೊದಲಿಗನಾದ ಮನುವಿಗೆ ಸಂದದ್ದು ಕಬ್ಬಿಣದ ಕೆಲಸ. ಉಳಿದ ನಾಲ್ವರಾದ ಬಡಿಗ, ಕಂಚುಗಾರ, ಕಲ್ಲುಕುಟಿಗ ಮತ್ತು ಅಕ್ಕಸಾಲಿಗರ ಉಪಕರಣಗಳೆಲ್ಲ ಅವನ ಕುಲುಮೆಯಿಂದಲೇ ಬರಬೇಕು. ನರಗುಂದಕ್ಕೆ ದೂರವಲ್ಲದ ಶಿರಸಂಗಿಯ ಕಾಳಿಕಾದೇವಿ, ಶಿರಹಟ್ಟಿ ಸೀಮೆಯ ವರವಿಯ ಮೌನೇಶ್ವರ ಇವು ಈ ಭಾಗದ ವಿಶ್ವಕರ್ಮ ಸಮುದಾಯದ ಶ್ರದ್ಧಾಕೇಂದ್ರಗಳು. ‘ಕಮ್ಮಾರ’ ಎಂಬ ಶಬ್ದವೇ ಸಂಸ್ಕೃತದ ‘ಕರ್ಮಾರ’ದಿಂದ ಪ್ರಾಕೃತದ ಮೂಲಕ ಬಂದದ್ದು. ಉತ್ತರ ಕರ್ನಾಟಕದಲ್ಲಿ ಅದು ‘ಕಂಬಾರ’ ಎಂದೂ ರೂಢಿಯಲ್ಲಿದೆ.

3. ಇಬ್ಬರು ಕಮ್ಮಾರರು: ಆಯದವನು ಮತ್ತು ಬಯಲಿನವನು

ಈ ಸೀಮೆಯ ಕಬ್ಬಿಣದ ಕೆಲಸವನ್ನು ಅರಿಯಲು ಎರಡು ಬಗೆಯ ಕಮ್ಮಾರರನ್ನು ಬೇರೆ ಬೇರೆಯಾಗಿ ನೋಡುವುದು ಅವಶ್ಯ.

ಮೊದಲನೆಯವನು ಊರ ಕಮ್ಮಾರ. ಇವನು ಆಯಗಾರರಲ್ಲೊಬ್ಬ. ವರ್ಷವಿಡೀ ರೈತನ ಕುಳ, ಕುಡಗಳನ್ನು ಬಡಿದು ಹರಿತಗೊಳಿಸುವುದು, ಗಾಲಿಗೆ ಹಳಿ ಏರಿಸುವುದು ಅವನ ಹೊಣೆ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಶಿಯಿಂದ ತನ್ನ ಪಾಲಿನ ಕಾಳು ತರುವುದು ಅವನ ಹಕ್ಕು. ಇಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬೆಲೆಯಿರಲಿಲ್ಲ. ಇದ್ದದ್ದು ವರ್ಷದ ಸಂಬಂಧ. ಆಯದ ವ್ಯವಸ್ಥೆಯನ್ನು ಸುವರ್ಣಯುಗವೆಂದು ಬಣ್ಣಿಸಬೇಕಾಗಿಲ್ಲ. ಬರಗಾಲದಲ್ಲಿ ರೈತನೊಂದಿಗೆ ಕಮ್ಮಾರನೂ ಉಪವಾಸ ಬೀಳುತ್ತಿದ್ದ, ಜಾತಿಯ ಶ್ರೇಣಿ ಅದರಲ್ಲಿ ಬಿಗಿಯಾಗಿತ್ತು. ಆದರೂ ಕಮ್ಮಾರನ ಕೈಗೆ ಸಂದುತ್ತಿದ್ದುದು ಕಬ್ಬಿಣದ ತೂಕದ ಬೆಲೆಯಲ್ಲ, ಅವನ ಅರಿವಿನ ಬೆಲೆ ಎಂಬುದು ಗಮನಾರ್ಹ. ಕಬ್ಬಿಣ ಸಾಮಾನ್ಯವಾಗಿ ರೈತನದೇ ಆಗಿರುತ್ತಿತ್ತು, ಇದ್ದಿಲನ್ನೂ ಕೆಲವೆಡೆ ರೈತನೇ ತರುತ್ತಿದ್ದ. ಕಮ್ಮಾರನು ಮಾರುತ್ತಿದ್ದುದು ಹದವನ್ನು ಮಾತ್ರ.

ಎರಡನೆಯವನು ಬಯಲ ಕಮ್ಮಾರ. ಘಿಸಾಡಿಗಳೆಂದು ಕರೆಸಿಕೊಳ್ಳುವ, ಊರೂರು ತಿರುಗುವ ಕಮ್ಮಾರರು ಬಹುಕಾಲದಿಂದ ಮುಂಬಯಿ ಕರ್ನಾಟಕದಲ್ಲಿ ಕಂಡುಬರುತ್ತಾರೆ. ಉಜ್ಜುವುದು, ಮಸೆಯುವುದು ಎಂಬರ್ಥದ ಉತ್ತರದ ಭಾಷೆಗಳ ಕ್ರಿಯಾಪದದಿಂದ ಈ ಹೆಸರು ಬಂದಿದೆಯೆಂದು ಹೇಳುತ್ತಾರೆ. ಜಾರ್ಜ್ ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸರ್ವೇಕ್ಷಣೆಯು ಇವರ ಮಾತನ್ನು ‘ತಾರೀಮೂಕಿ’ ಅಥವಾ ‘ಘಿಸಾಡಿ’ ಎಂದು ಹೆಸರಿಸಿ ಗುಜರಾತಿಯ ಬಳಗದಲ್ಲಿ ಇರಿಸಿದೆ. 1920ರಿಂದ 1922ರ ಅವಧಿಯಲ್ಲಿ ಪ್ರಕಟವಾದ ಎಂಥೋವೆನ್ ಅವರ ಮುಂಬಯಿ ಪ್ರಾಂತದ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ಸಂಪುಟಗಳಲ್ಲಿಯೂ ಘಿಸಾಡಿಗಳ ವಿವರಣೆಯಿದೆ. ಇವರ ಜೊತೆಗೆ ಇತ್ತೀಚಿನ ದಶಕಗಳಲ್ಲಿ ಮಧ್ಯಪ್ರದೇಶ, ರಾಜಸ್ಥಾನಗಳ ಕಡೆಯ ಲೋಹಾರ ಕುಟುಂಬಗಳೂ ಹೆದ್ದಾರಿಗುಂಟ ದಕ್ಷಿಣಕ್ಕೆ ಬರುತ್ತಿವೆ. ಇವರಲ್ಲಿ ರಾಜಸ್ಥಾನದ ಗಾಡಿಯಾ ಲೋಹಾರರು ತಮ್ಮ ಅಲೆಮಾರಿತನವನ್ನು ಚಿತ್ತೋಡದ ಪತನದೊಂದಿಗೆ ಜೋಡಿಸುತ್ತಾರೆ. ಕೋಟೆ ಮರಳಿ ಕೈಸೇರುವವರೆಗೆ ಸೂರಿನ ಕೆಳಗೆ ನೆಲೆಸೆವೆಂಬ ಶಪಥದ ಕಥೆ ಅವರದು. 1955ರಲ್ಲಿ ಪ್ರಧಾನಿ ಜವಾಹರಲಾಲ ನೆಹರೂ ಅವರು ಇವರನ್ನು ಚಿತ್ತೋಡಗಡಕ್ಕೆ ಕರೆದೊಯ್ದು ಶಪಥವನ್ನು ಸಾಂಕೇತಿಕವಾಗಿ ಮುಕ್ತಾಯಗೊಳಿಸಿದರು. ಶಪಥ ಮುಗಿದರೂ ಅಲೆದಾಟ ಮುಗಿಯಲಿಲ್ಲ. ಅದಕ್ಕೆ ಕಾರಣ ಶಪಥಕ್ಕಿಂತ ಹೆಚ್ಚಾಗಿ ಜೀವನೋಪಾಯವಾಗಿತ್ತು ಎಂಬುದನ್ನು ಇದು ತೋರಿಸುತ್ತದೆ.

ಬಯಲ ಕಮ್ಮಾರನಿಗೆ ಊರಿನ ಆಯದಲ್ಲಿ ಪಾಲಿಲ್ಲ, ಕಣದಲ್ಲಿ ಹಕ್ಕಿಲ್ಲ. ಅವನಿಗೆ ದೊರೆಯುವುದು ವಸ್ತುವಿನ ಬೆಲೆ ಮಾತ್ರ, ಅದೂ ಆ ಕ್ಷಣದಲ್ಲಿ. ಹೀಗಾಗಿ ಕಬ್ಬಿಣದ ಕೆಲಸಕ್ಕೆ ಹಣದ ಬೆಲೆ ಕಟ್ಟುವ ಪದ್ಧತಿಯನ್ನು ಈ ಸೀಮೆಯಲ್ಲಿ ಮೊದಲಿಗೆ ಎದುರಿಸಿದವರು ಇವರೇ ಎನ್ನಬಹುದು. ಊರ ಕಮ್ಮಾರನು ಇಪ್ಪತ್ತನೆಯ ಶತಮಾನದಲ್ಲಿ ಬಂದು ತಲುಪಿದ ಸ್ಥಿತಿಯಲ್ಲಿ ಬಯಲ ಕಮ್ಮಾರನು ಮೊದಲಿನಿಂದಲೂ ಇದ್ದನು.

4. ಬೆಲೆ ಕುಸಿದ ಬಗೆ

ಈ ಕುಸಿತಕ್ಕೆ ಹಲವು ಕಾರಣಗಳು ಒಂದರ ಮೇಲೊಂದು ಬಂದಿವೆ. ಅವುಗಳನ್ನು ಹೀಗೆ ಗುರುತಿಸಬಹುದು.

ಮೊದಲನೆಯದು ಆಯುಧದ ಕೆಲಸ ನಿಂತದ್ದು. 1857ರ ನಿಶ್ಶಸ್ತ್ರೀಕರಣ ಕಾಯಿದೆ ಈ ಭಾಗದಲ್ಲಿ ಉಗ್ರ ಪ್ರತಿರೋಧವನ್ನು ಎದುರಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ವರ್ಷ ನವೆಂಬರಿನಲ್ಲಿ ಬಂಡೆದ್ದರು. ನರಗುಂದದ ಬಾಬಾಸಾಹೇಬ ಭಾವೆಯವರ ಬಂಡಾಯದಲ್ಲಿ 1858ರ ಮೇ 29ರಂದು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದನು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು. 1878ರ ಶಸ್ತ್ರ ಕಾಯಿದೆ ಈ ನಿರ್ಬಂಧವನ್ನು ಶಾಶ್ವತಗೊಳಿಸಿತು. ಹಲಗಲಿಯ ದಂಗೆಯನ್ನು ಲಾವಣಿ ಹಾಡಿತು, ನರಗುಂದದ ಬಂಡಾಯವನ್ನು ಇತಿಹಾಸ ಬರೆಯಿತು. ಆಯುಧ ಹಿಡಿದವನ ಕಥೆ ಹೀಗೆ ಉಳಿದರೂ ಕತ್ತಿ, ಭರ್ಚಿ, ಬಂದೂಕಿನ ಬಿಡಿಭಾಗಗಳನ್ನು ಮಾಡಿ ಬದುಕುತ್ತಿದ್ದವನ ಒಲೆಗೆ ಏನಾಯಿತೆಂಬ ಪ್ರಶ್ನೆ ಹೆಚ್ಚಾಗಿ ಏಳಲಿಲ್ಲ. ಕಬ್ಬಿಣದ ಕೆಲಸದಲ್ಲಿ ಹೆಚ್ಚಿನ ಕುಶಲತೆಯನ್ನೂ ಹೆಚ್ಚಿನ ಸಂಭಾವನೆಯನ್ನೂ ಬೇಡುತ್ತಿದ್ದ ಶಾಖೆಯೊಂದು ಹೀಗೆ ಕಡಿದುಹೋಯಿತು.

ಎರಡನೆಯದು ಅದಿರು ಮತ್ತು ಇದ್ದಿಲು ಕೈತಪ್ಪಿದ್ದು. ಗದಗ ಸೀಮೆಯ ಕಪ್ಪತಗುಡ್ಡ ಕಬ್ಬಿಣದ ಅದಿರಿನ ಗುಡ್ಡ. ಸ್ಥಳೀಯ ಅದಿರನ್ನು ಇದ್ದಿಲಿನಲ್ಲಿ ಕರಗಿಸಿ ಕಬ್ಬಿಣ ತೆಗೆಯುವ ಕೆಲಸ ಹತ್ತೊಂಬತ್ತನೆಯ ಶತಮಾನದಲ್ಲಿ ಕರ್ನಾಟಕದಾದ್ಯಂತ ಕ್ಷೀಣಿಸಿತು. ಇಂಗ್ಲೆಂಡಿನಿಂದ ಬಂದ ಅಗ್ಗದ ಕಬ್ಬಿಣ ಒಂದು ಕಡೆ, 1878ರ ಅರಣ್ಯ ಕಾಯಿದೆಯಿಂದ ಬಿಗಿಯಾದ ಕಾಡಿನ ಮೇಲಿನ ಹಿಡಿತ ಇನ್ನೊಂದು ಕಡೆ. 1880ರ ದಶಕದಲ್ಲಿ ಗದಗ–ಹೊಟಗಿ ರೈಲುಮಾರ್ಗ ರೋಣ ತಾಲ್ಲೂಕಿನ ಹೊಳೆಆಲೂರಿನ ಮೂಲಕ ಹಾಯ್ದಾಗ ಹೊರಗಿನ ಕಬ್ಬಿಣ ಹಳ್ಳಿಯ ಬಾಗಿಲಿಗೇ ಬಂದಿತು. ಇದರಿಂದ ರೈತನಿಗೆ ಅನುಕೂಲವಾದುದು ನಿಜ. ಆದರೆ ಕಮ್ಮಾರನು ಅಂದಿನಿಂದ ಕಚ್ಚಾ ವಸ್ತುವನ್ನು ಮಾರುಕಟ್ಟೆಯಿಂದ ಕೊಳ್ಳುವವನಾದನು. ಕೊಳ್ಳುವವನೂ ಮಾರುವವನೂ ಕಬ್ಬಿಣವನ್ನು ತೂಗಿ ನೋಡುವ ರೂಢಿಗೆ ಬಿದ್ದರು. ‘ಇದರಲ್ಲಿ ಕಬ್ಬಿಣ ಎಷ್ಟಿದೆ’ ಎಂಬ ಪ್ರಶ್ನೆ ‘ಇದರ ಹದ ಹೇಗಿದೆ’ ಎಂಬ ಪ್ರಶ್ನೆಯ ಸ್ಥಾನವನ್ನು ಆಕ್ರಮಿಸಿತು.

ಮೂರನೆಯದು ಹತ್ತಿಯ ಹಣ. 1840ರ ದಶಕದಲ್ಲಿ ಅಮೆರಿಕದ ಹತ್ತಿಯ ತಳಿಯನ್ನು ಧಾರವಾಡ ಸೀಮೆಯಲ್ಲಿ ಬೆಳೆಸುವ ಪ್ರಯತ್ನ ಯಶಸ್ವಿಯಾಯಿತು. ‘ಧಾರವಾಡ–ಅಮೆರಿಕನ್’ ಎಂಬ ಹೆಸರಿನಿಂದ ಅದು ದೂರದ ಮಾರುಕಟ್ಟೆಗಳನ್ನು ತಲುಪಿತು. ಅದರ ಅರಳೆ ಬಿಡಿಸಲು ಗರಗಸದ ಗಿರಣಿಗಳು ಬಂದವು. ಹತ್ತಿ ನಗದಿನ ಬೆಳೆ. ನಗದು ಹೆಚ್ಚಿದಂತೆ ಕಾಳಿನ ಲೆಕ್ಕದ ಆಯ ಸಡಿಲಗೊಂಡು ಕೂಲಿಯ ಲೆಕ್ಕ ಬಲಗೊಂಡಿತೆಂದು ಊಹಿಸಬಹುದು. ಸುಗ್ಗಿಯ ಪಾಲು ದಿನದ ಕೂಲಿಯಾಯಿತು. ದಿನದ ಕೂಲಿ ಚೌಕಾಸಿಯ ವಸ್ತುವಾಯಿತು.

ನಾಲ್ಕನೆಯದು ನೀರಾವರಿ ಮತ್ತು ಯಂತ್ರ. ಮಲಪ್ರಭಾ ಯೋಜನೆಯ ಕಾಲುವೆಗಳು ನರಗುಂದ ಸೀಮೆಯ ಬೇಸಾಯವನ್ನು ಬದಲಿಸಿದವು. 1980ರ ಜುಲೈ 21ರ ನರಗುಂದ ರೈತ ಬಂಡಾಯದ ಹಿನ್ನೆಲೆಯಲ್ಲಿ ನೀರಿನ ಕರ ಮತ್ತು ಅಭಿವೃದ್ಧಿ ಕರಗಳ ಭಾರವಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಆನಂತರದ ದಶಕಗಳಲ್ಲಿ ಟ್ರ್ಯಾಕ್ಟರ್ ಬಂದು ರಂಟೆ, ಕುಂಟೆಗಳನ್ನು ಹಿಂದೆ ಸರಿಸಿತು. ರಬ್ಬರಿನ ಗಾಲಿ ಬಂದು ಹಳಿ ಏರಿಸುವ ಕೆಲಸವನ್ನು ನಿಲ್ಲಿಸಿತು. ಊರ ಕಮ್ಮಾರರಲ್ಲಿ ಹಲವರು ವೆಲ್ಡಿಂಗ್ ಅಂಗಡಿಗೆ, ಕಿಟಕಿ ಬಾಗಿಲುಗಳ ಗ್ರಿಲ್ ಕೆಲಸಕ್ಕೆ ತಿರುಗಿದರು. ಆಗ ಕೈಯಿಂದ ಬಡಿದ ಸಣ್ಣ ಉಪಕರಣಗಳ ಕ್ಷೇತ್ರ ಬಹುಮಟ್ಟಿಗೆ ರಸ್ತೆಬದಿಯವರ ಪಾಲಾಯಿತು. ಆದರೆ ಅಷ್ಟರಲ್ಲಿ ಕಾರ್ಖಾನೆಯ ಕುಡಗೋಲು, ಕೊಡಲಿಗಳು ಅಂಗಡಿಗಳಲ್ಲಿ ತೂಗಿಬಿದ್ದಿದ್ದವು. ಕೊಳ್ಳುವವನ ಮನಸ್ಸಿನಲ್ಲಿ ಬೆಲೆಯ ಅಳತೆಗೋಲು ಅವೇ ಆಗಿದ್ದವು.

5. ಕಾಣದ ಕೆಲಸ

ರಸ್ತೆಬದಿಯ ಒಂದು ಕೊಡಲಿಯಲ್ಲಿ ಏನೇನು ಅಡಗಿದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮೂಲ ವಸ್ತು ಬಹುತೇಕ ಹಳೆಯ ಲಾರಿಯ ಕಮಾನುಪಟ್ಟಿ. ಅದು ಇಂಗಾಲದ ಅಂಶ ಹೆಚ್ಚಿರುವ ಉಕ್ಕಾದ್ದರಿಂದ ಹದಕ್ಕೆ ಒಗ್ಗುತ್ತದೆ. ಗುಜರಿಯಲ್ಲಿ ಬಿದ್ದ ನೂರಾರು ತುಂಡುಗಳಲ್ಲಿ ಯಾವುದು ಉಕ್ಕು, ಯಾವುದು ಮೆದು ಕಬ್ಬಿಣ ಎಂಬುದನ್ನು ಬಡಿದ ಸದ್ದಿನಿಂದ, ಅರದ ಹಲ್ಲು ಹಿಡಿಯುವ ರೀತಿಯಿಂದ ಗುರುತಿಸುವುದು ಮೊದಲ ವಿದ್ಯೆ. ಅದನ್ನು ಕೆಂಪಗೆ ಕಾಸಿ, ಉಳಿಯಿಂದ ಕಡಿದು, ಕಾವಿಗೆ ತೂತು ತೆಗೆದು, ಬಾಯಿಯನ್ನು ತೆಳುವಾಗಿ ಬಡಿಯಬೇಕು. ಗಂಡಸು ಇಕ್ಕಳ ಹಿಡಿದು ಕಾದ ತುಂಡನ್ನು ತಿರುಗಿಸುತ್ತ ಸಣ್ಣ ಸುತ್ತಿಗೆಯಿಂದ ಏಟು ಬೀಳಬೇಕಾದ ಜಾಗವನ್ನು ತೋರಿಸುತ್ತಾನೆ. ಎದುರು ನಿಂತ ಹೆಂಗಸು ಭಾರದ ಸಮ್ಮಟಿಗೆಯನ್ನು ಎತ್ತಿ ಅದೇ ಜಾಗಕ್ಕೆ ಬಡಿಯುತ್ತಾಳೆ. ಮಗುವೊಂದು ಗಾಳಿಯಂತ್ರ ತಿರುವುತ್ತಿರುತ್ತದೆ. ಈ ಲಯದಲ್ಲಿ ಮಾತಿಲ್ಲ, ಸುತ್ತಿಗೆಯ ಸದ್ದೇ ಸಂಜ್ಞೆ.

ಕೊನೆಯದು ಹದ. ಬಾಯಿಯನ್ನು ಕಾಸಿ ನೀರಿನಲ್ಲಿ ಅದ್ದಿದರೆ ಉಕ್ಕು ಗಡುಸಾಗುತ್ತದೆ, ಆದರೆ ಗಾಜಿನಂತೆ ಒಡೆಯುತ್ತದೆ. ಆದ್ದರಿಂದ ಒಳಗಿನ ಬಿಸಿ ಮತ್ತೆ ಅಂಚಿಗೆ ಹರಿಯಲು ಬಿಟ್ಟು, ಉಜ್ಜಿದ ಮೈಮೇಲೆ ತೆಳುಹಳದಿ, ಕಂದು, ನೇರಳೆ, ನೀಲಿ ಹೀಗೆ ಓಡುವ ಬಣ್ಣಗಳನ್ನು ನೋಡಿ, ತಕ್ಕ ಬಣ್ಣ ಬಂದ ಕ್ಷಣದಲ್ಲಿ ತಣಿಸಬೇಕು. ಕುಡಗೋಲಿಗೆ ಒಂದು ಬಣ್ಣ, ಕೊಡಲಿಗೆ ಇನ್ನೊಂದು. ಕೆಲವು ಕ್ಷಣಗಳ ಈ ತೀರ್ಮಾನದ ಮೇಲೆ ಉಪಕರಣದ ಆಯುಷ್ಯ ನಿಂತಿದೆ. ಇದನ್ನು ಅಳೆಯುವ ಮಾಪಕ ಕಣ್ಣೊಂದೇ.

ಕೊಳ್ಳುವವನಿಗೆ ಇದಾವುದೂ ಬೆಲೆಯಾಗಿ ತೋರುವುದಿಲ್ಲ. ಆಶ್ಚರ್ಯವೆಂದರೆ ಅಂಗಡಿಯ ವಸ್ತುವಿನ ತಯಾರಿಕೆ ಅವನಿಗೆ ಕಾಣದು, ಆದರೂ ಅದರ ಬೆಲೆಯನ್ನು ಪ್ರಶ್ನಿಸದೆ ಕೊಡುತ್ತಾನೆ. ರಸ್ತೆಬದಿಯ ವಸ್ತುವಿನ ಶ್ರಮ ಕಣ್ಣೆದುರೇ ನಡೆಯುತ್ತದೆ, ಆದರೂ ಅದರ ಬೆಲೆಯನ್ನು ಅರ್ಧಕ್ಕಿಳಿಸುತ್ತಾನೆ. ಮಾರುವವನಿಗೂ ಕಾಯುವ ಬಲವಿಲ್ಲ. ಸಂಜೆಯ ಹಿಟ್ಟು, ಮರುದಿನದ ಇದ್ದಿಲು, ಗುಜರಿಯವನ ಬಾಕಿ ಇವು ಅಂದಿನ ಮಾರಾಟದಿಂದಲೇ ಹುಟ್ಟಬೇಕು. ನಾಳೆ ಮುಂದಿನ ಊರಿಗೆ ಹೋಗುವವನು ಮಾರದ ಕಬ್ಬಿಣವನ್ನು ಹೊತ್ತೊಯ್ಯಲಾರ. ಹೆಂಗಸಿನ ಸಮ್ಮಟಿಗೆ ಮತ್ತು ಮಗುವಿನ ಗಾಳಿಯಂತ್ರ ಮನೆಗೆಲಸದ ಲೆಕ್ಕಕ್ಕೆ ಸೇರಿ ಬೆಲೆಯಿಂದ ಹೊರಗುಳಿಯುತ್ತವೆ. ಮೂವರು ದುಡಿದ ವಸ್ತುವಿಗೆ ಒಬ್ಬರ ಕೂಲಿಯೂ ಹುಟ್ಟದಿರುವುದಕ್ಕೆ ಇದು ಮುಖ್ಯ ಕಾರಣ.

6. ಉಪಕರಣ ಮತ್ತು ಆಕೃತಿ

ಇದೇ ಕಬ್ಬಿಣ, ಇದೇ ಸುತ್ತಿಗೆ, ಇಂಥದೇ ಸಮುದಾಯ ಬೇರೊಂದು ಕಡೆ ಬೇರೆ ಬೆಲೆ ಪಡೆದಿರುವುದನ್ನು ಇಲ್ಲಿ ಹೋಲಿಸಬಹುದು. ಛತ್ತೀಸಗಡದ ಬಸ್ತಾರ್ ಸೀಮೆಯ ಲೋಹಾರರು ಉಪಕರಣಗಳ ಜೊತೆಗೆ ದೀಪಗಂಬ, ಜಿಂಕೆ, ವಾದ್ಯಗಾರರ ಆಕೃತಿಗಳನ್ನು ಬಡಿದು ಮಾಡುತ್ತಾರೆ. ಅವು ನಗರಗಳ ಮನೆಯಂಗಳ, ಉದ್ಯಾನಗಳನ್ನು ಸೇರಿವೆ. ಬಸ್ತಾರಿನ ಕಬ್ಬಿಣದ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ನಮ್ಮಲ್ಲಿಯೇ ಬೀದರಿನ ಬಿದರಿ ಕಲೆ 2006ರಲ್ಲಿ ಆ ಮಾನ್ಯತೆ ಪಡೆಯಿತು. ಈಗೀಗ ನಗರಗಳ ಹೊರವಲಯದ ಹೆದ್ದಾರಿಗಳ ಬದಿಯಲ್ಲಿ ತಗಡು, ಸಲಾಕೆಗಳಿಂದ ಮಾಡಿದ ಕೊಕ್ಕರೆ, ನವಿಲುಗಳಂಥ ಕೈತೋಟದ ಬೊಂಬೆಗಳೂ ಮಾರಾಟಕ್ಕೆ ನಿಂತಿರುತ್ತವೆ. ಇವುಗಳಿಗೂ ರಸ್ತೆಬದಿಯಲ್ಲಿ ನಡೆಯುವುದು ಅದೇ ಚೌಕಾಸಿ.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಬೆಲೆಯನ್ನು ನಿರ್ಧರಿಸುವುದು ಕುಶಲತೆಯೊಂದೇ ಅಲ್ಲ. ಆ ಕುಶಲತೆಗೆ ಒಂದು ಹೆಸರು, ಒಂದು ಊರು ಅಂಟಿಕೊಂಡಿದೆಯೇ ಎಂಬುದೂ ಅದನ್ನು ನಿರ್ಧರಿಸುತ್ತದೆ. ಬಿದರಿಗೆ ಬೀದರ ಇದೆ, ಬಸ್ತಾರಿನ ಕೆಲಸಕ್ಕೆ ಬಸ್ತಾರ್ ಇದೆ. ಬಯಲ ಕಮ್ಮಾರನಿಗೆ ಊರಿಲ್ಲ, ಆದ್ದರಿಂದ ಅವನ ಕೆಲಸಕ್ಕೆ ಹೆಸರಿಲ್ಲ. ಎರಡು, ಬಳಸುವ ವಸ್ತುವಿಗಿಂತ ನೋಡುವ ವಸ್ತುವನ್ನು ಮೇಲೆಂದು ಬಗೆಯುವ ವಿಂಗಡಣೆ ನಮ್ಮ ಅಧ್ಯಯನಗಳಲ್ಲಿಯೂ ನುಸುಳಿದೆ. ಕಬ್ಬಿಣದ ಜಿಂಕೆ ಶಿಲ್ಪವೆನಿಸಿದರೆ, ಅಷ್ಟೇ ಕೌಶಲ ಬೇಡುವ ಕುಡಗೋಲು ಸಾಮಾನು ಎನಿಸುತ್ತದೆ. ಜನಪದರ ಮನಸ್ಸಿನಲ್ಲಿ ಈ ಗೆರೆ ಇರಲಿಲ್ಲ. ಮಹಾನವಮಿಯಲ್ಲಿ ದೇವರ ತ್ರಿಶೂಲದಂತೆಯೇ ಕೊಡಲಿ, ಕುಡಗೋಲುಗಳಿಗೂ ಪೂಜೆ ಸಲ್ಲುತ್ತದೆ.

7. ಸದ್ಯದ ವ್ಯವಸ್ಥೆಗಳು

ಅಲೆಮಾರಿಗಳ ಸ್ಥಿತಿಯನ್ನು ಕುರಿತು ಬಾಲಕೃಷ್ಣ ರೇಣಕೆ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗವು 2008ರಲ್ಲಿ ವರದಿ ನೀಡಿತು. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯು ಪಟ್ಟಣಗಳಲ್ಲಿ ಸಮೀಕ್ಷೆ ನಡೆಸಿ ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಮಾಡಿತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿಯ ಜೊತೆಗೆ ಉಪಕರಣಗಳಿಗೆ 15,000 ರೂಪಾಯಿವರೆಗಿನ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿವರೆಗಿನ ಸಾಲ ಅದರಲ್ಲಿದೆ.

ಇವು ಸ್ವಾಗತಾರ್ಹ ಕ್ರಮಗಳು. ಆದರೆ ಇವುಗಳ ಹೆಬ್ಬಾಗಿಲು ನೆಲೆ ನಿಂತವರಿಗಾಗಿ ಮಾಡಿದ್ದು. ಪಂಚಾಯಿತಿಯ ಪರಿಶೀಲನೆ, ಪಟ್ಟಣದ ಸಮೀಕ್ಷೆ ಇವೆಲ್ಲ ಒಂದು ವಿಳಾಸವನ್ನು ಬೇಡುತ್ತವೆ. ನರಗುಂದದ ಹೆದ್ದಾರಿ ಬದಿಯಲ್ಲಿ ಹದಿನೈದು ದಿನ, ಗಜೇಂದ್ರಗಡದಲ್ಲಿ ಒಂದು ತಿಂಗಳು, ಆಮೇಲೆ ಮತ್ತೊಂದು ಜಿಲ್ಲೆಯಲ್ಲಿ ಇರುವ ಕುಟುಂಬವನ್ನು ಕಮ್ಮಾರರೆಂದು ದೃಢಪಡಿಸಬೇಕಾದವರಾರು? ಅವರ ಕೈಯಲ್ಲಿರುವ ಸುತ್ತಿಗೆ ಸಾಕ್ಷಿಯಾಗದೆ, ಎಲ್ಲೋ ದೂರದ ಊರಿನ ಕಾಗದ ಸಾಕ್ಷಿಯಾಗಬೇಕಾಗಿದೆ. ಆಯದ ಕಾಲದಲ್ಲಿ ಕಣದಿಂದ ಹೊರಗಿದ್ದವರು ಯೋಜನೆಗಳ ಕಾಲದಲ್ಲಿ ಪಟ್ಟಿಯಿಂದ ಹೊರಗುಳಿಯುವ ಸಂಭವವಿದೆ.

8. ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ರಸ್ತೆಬದಿ ಕಮ್ಮಾರರಿಗೆ ದೊರೆಯುವ ಕಡಿಮೆ ಬೆಲೆ ಅವರ ವಸ್ತುವಿನ ಕೊರತೆಯಿಂದ ಬಂದದ್ದಲ್ಲ. ಆಯುಧದ ಕೆಲಸ ನಿಂತು, ಅದಿರು ಇದ್ದಿಲು ಕೈತಪ್ಪಿ, ಕಾಳಿನ ಪಾಲು ನಗದಿನ ಕೂಲಿಯಾಗಿ, ಕಾರ್ಖಾನೆಯ ವಸ್ತು ಅಳತೆಗೋಲಾಗಿ, ಹದದ ಬೆಲೆಯು ತೂಕದ ಬೆಲೆಯಾಗಿ ಮಾರ್ಪಟ್ಟ ಸುಮಾರು ಒಂದೂವರೆ ಶತಮಾನದ ಪರಿಣಾಮ ಅದು. ಇತಿಹಾಸದಿಂದ ಉಂಟಾದದ್ದನ್ನು ಸಹಜವೆಂದು ಒಪ್ಪಬೇಕಾಗಿಲ್ಲ.

ಈ ದಿಸೆಯಲ್ಲಿ ಜಾನಪದ ವಿದ್ವಾಂಸರು ಮಾಡಬೇಕಾದ ಕೆಲಸ ಬಹಳಷ್ಟಿದೆ. ಬಯಲ ಕಮ್ಮಾರರ ವೃತ್ತಿಪದಗಳು, ಅವರ ಸಂಚಾರದ ದಾರಿಗಳು, ಹದದ ಬಣ್ಣಗಳ ಅರಿವು, ಹೆಂಗಸರ ಪಾಲಿನ ಶ್ರಮ ಇವು ದಾಖಲಾಗಬೇಕು. ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಗಳು ಈ ಸೀಮೆಗೆ ಹತ್ತಿರದಲ್ಲಿಯೇ ಇವೆ. ಇಂಥ ದಾಖಲಾತಿಯು ಗ್ರಂಥಾಲಯದ ಕಪಾಟಿನಲ್ಲಿ ಉಳಿಯದೆ, ಕಸುಬನ್ನು ದೃಢಪಡಿಸುವ ಪ್ರಮಾಣವಾಗಿ ಅಧಿಕಾರಿಗಳ ಮೇಜಿನವರೆಗೂ ತಲುಪುವಂತಾಗಬೇಕು. ಗಾಳಿಯಂತ್ರ ತಿರುವುವ ಮಗು ಶಾಲೆಗೆ ಹೋಗಬೇಕಾದುದು ನ್ಯಾಯ. ಆ ಮಗು ಮುಂದೆ ಈ ವಿದ್ಯೆಗೆ ತಾನಾಗಿ ಮರಳಬೇಕಾದರೆ ಈ ವಿದ್ಯೆಯಿಂದ ಹೊಟ್ಟೆ ತುಂಬುವಂತಿರಬೇಕು. ಕಣ್ಣಿನಿಂದ ಕಣ್ಣಿಗೆ ದಾಟುವ ಹದದ ಅರಿವು ಒಂದು ತಲೆಮಾರು ಕಡಿದರೆ ಯಾವ ಗ್ರಂಥದಿಂದಲೂ ಮರಳಿ ಬಾರದು.